ಗಡಿಯಾಚೆ ಬಾಡಿಗೆ ಮನೆ ಕೊಳ್ತೀರಾ? ಮೊದಲು ಕಾಗದ ಓದಿಸಿ

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳು ಸ್ಕೂಲಿಂದ ಬರೋವರೆಗೆ ಸಿಗುವ ಒಂದೆರಡು ಗಂಟೆಯಲ್ಲಿ ನಾವು ಹೆಂಗಸರು ಮಾತಾಡುವ ವಿಷಯ ಬದಲಾಗಿದೆ ಕಣ್ರೀ. ಮೊದಲಾದರೆ ಚಿನ್ನದ ರೇಟು, ನಾದಿನಿಯ ಮದುವೆ, ಹೊಸ ಸೀರೆ. ಈಗ ಚಿಕ್ಕಬಳ್ಳಾಪುರದ ನಮ್ಮ ಬೀದಿಯ ಚೀಟಿ ಗುಂಪಿನಲ್ಲಿ ತಿಂಗಳಿಗೊಬ್ಬರಾದರೂ ಕೇಳ್ತಾರೆ: "ಹಿಂದೂಪುರದಲ್ಲಿ ಒಂದು ಮನೆ ಮಾರಾಟಕ್ಕಿದೆಯಂತೆ. ಕೊಂಡು ಬಾಡಿಗೆಗೆ ಬಿಟ್ರೆ ಹೇಗೆ?"

ಕೇಳೋದರಲ್ಲಿ ತಪ್ಪೇನಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಈ ಕಡೆ ಸೈಟಿನ ಬೆಲೆ ನಮ್ಮಂಥವರ ಕೈಗೆ ಎಟುಕದಂತಾಯಿತು. ಚೀಟಿ ದುಡ್ಡು, ತವರಿನಿಂದ ಬಂದ ಪಾಲು, ಎರಡು ಬಳೆ ಎಲ್ಲ ಸೇರಿಸಿದರೂ ಇಲ್ಲಿ ಅರ್ಧ ಮನೆಯೂ ಬರಲ್ಲ. ಗೌರಿಬಿದನೂರಿನಲ್ಲಿ ರೈಲು ಹತ್ತಿದರೆ ಮುಂದಿನ ದೊಡ್ಡ ಊರೇ ಹಿಂದೂಪುರ. ಪೆನುಕೊಂಡದ ಹತ್ತಿರ ಕಿಯಾ ಕಾರಿನ ಕಾರ್ಖಾನೆ 2019ರಲ್ಲಿ ಶುರುವಾದ ಮೇಲೆ ಆ ಕಡೆ ಬಾಡಿಗೆ ಮನೆ ಕೇಳುವವರು ಇದ್ದಾರೆ ಅಂತ ಬ್ರೋಕರುಗಳೆಲ್ಲ ಹೇಳ್ತಾರೆ. ಚಿಂತಾಮಣಿಯವರಿಗೆ ಮದನಪಲ್ಲಿ ಹತ್ತಿರ. ಅಲ್ಲಿ ಟೊಮೆಟೊ ಮಂಡಿ ಇದೆ, ಕಾಲೇಜುಗಳಿವೆ, ಓದಲು ಬರುವ ಮಕ್ಕಳಿದ್ದಾರೆ.

ಇನ್ನೊಂದು ಕಾರಣ ನಮ್ಮ ಬಾಯಲ್ಲೇ ಇದೆ. ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಮನೆಗಳಲ್ಲಿ ತೆಲುಗು ಮಾತಾಡ್ತಾರೆ, ನೀವೇ ಹೇಳಿ! ಹಿಂದೂಪುರದ ಹೆಣ್ಣು ಗೌರಿಬಿದನೂರಿಗೆ ಸೊಸೆ, ಚಿಂತಾಮಣಿಯ ಹುಡುಗ ಮದನಪಲ್ಲಿಗೆ ಅಳಿಯ. ಬಾಡಿಗೆಗೆ ಅಲ್ಲಿ 'ಬಾಡುಗ' ಅಂತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಅದು ಬೇರೆ ರಾಜ್ಯ ಅಂತ ನಮಗೆ ಅನ್ನಿಸೋದೇ ಇಲ್ಲ. ನಾವು ಮೋಸ ಹೋಗೋದು ಇಲ್ಲೇ. ಮಾತಿಗೆ ಗಡಿ ಇಲ್ಲದಿರಬಹುದು, ಕಾಗದಕ್ಕೆ ಇದೆ. ತೆಲುಗು ಮಾತಾಡೋಕೆ ಬರುವ ನಮ್ಮಲ್ಲಿ ಎಷ್ಟು ಜನಕ್ಕೆ ತೆಲುಗು ಓದೋಕೆ ಬರುತ್ತೆ? ಅಕ್ಷರ ಕನ್ನಡದ ಹಾಗೇ ಕಾಣುತ್ತೆ, ನಿಜ. ಆದರೆ ಅರ್ಧ ಗುರುತು ಹಿಡಿದು ಅರ್ಧ ಊಹಿಸಿ ಓದೋದು ಅಂಗಡಿ ಬೋರ್ಡಿಗೆ ಸಾಕು, ಕ್ರಯಪತ್ರಕ್ಕೆ ಸಾಲದು.

ಶಿಡ್ಲಘಟ್ಟದಲ್ಲಿರುವ ನಮ್ಮ ಅತ್ತಿಗೆಯ ವಿಷಯ ಹೇಳ್ತೀನಿ. ತಂದೆ ತೀರಿಕೊಂಡ ಮೇಲೆ ಬಂದ ಪಾಲಿನ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟದೆ ಇಟ್ಟಿದ್ದರು. ಮದನಪಲ್ಲಿ ಕಡೆ ಒಂದು ಸೈಟು ತಗೊಂಡು, ಎರಡು ಪೋರ್ಷನ್ ಕಟ್ಟಿ, ಬಾಡಿಗೆಯಲ್ಲಿ ಮಗಳ ಓದು ಮುಗಿಸೋದು ಅಂತ ಲೆಕ್ಕ. "ಅವ್ರೂ ನಮ್ಮೋರೇ ಕಣೇ, ತೆಲುಗಲ್ಲೇ ಎಲ್ಲಾ ಬಿಡಿಸಿ ಹೇಳಿದ್ರು" ಅಂದರು. ನಾನೂ ಸುಮ್ಮನಾದೆ. "ಅತ್ತಿಗೆ, ಕಾಗದ ಯಾರಿಗಾದ್ರೂ ತೋರಿಸಿದ್ರಾ?" ಅಂತ ಕೇಳಬೇಕಿತ್ತು. ಕೇಳಲಿಲ್ಲ. ಪೂರ್ತಿ ದುಡ್ಡು ಕೊಟ್ಟು, ಒಂದು ಕರಾರುಪತ್ರ ಮಾಡಿಸಿಕೊಂಡು ಬಂದರು. ರಿಜಿಸ್ಟ್ರೇಷನ್‌ಗೆ ಹೋದಾಗ ಗೊತ್ತಾಯಿತು, ಆ ಸರ್ವೆ ನಂಬರು '22-ಎ'ನಲ್ಲಿದೆ ಅಂತ.

ಏನಿದು 22-ಎ? ಆಂಧ್ರದಲ್ಲಿ ನೋಂದಣಿ ಮಾಡಬಾರದ ಆಸ್ತಿಗಳ ಪಟ್ಟಿ. ಸರ್ಕಾರಿ ಜಾಗ, ದೇವಸ್ಥಾನದ ಜಾಗ, ಬಡವರಿಗೆ ಉಳುಮೆಗೆ ಹಂಚಿದ ಜಮೀನು ಎಲ್ಲ ಇದರಲ್ಲಿ ಬರುತ್ತವೆ. ಹಂಚಿದ ಜಮೀನಿಗೆ ರಾಯಲಸೀಮೆ ಕಡೆ ಡಿ.ಕೆ.ಟಿ. ಪಟ್ಟಾ ಅಂತಾರೆ. ಅದನ್ನು ಮಾರಬಾರದು ಅಂತ 1977ರಲ್ಲೇ ಅಲ್ಲಿ ಕಾನೂನು ಆಗಿದೆ. 2023ರಲ್ಲಿ ತಿದ್ದುಪಡಿ ತಂದು, ಹಂಚಿ 20 ವರ್ಷ ದಾಟಿದ್ದಕ್ಕೆ ಪೂರ್ತಿ ಹಕ್ಕು ಕೊಡ್ತೀವಿ ಅಂದರು. 2024ರಲ್ಲಿ ಸರ್ಕಾರ ಬದಲಾಯಿತು, ಅಂಥ ಜಮೀನುಗಳ ನೋಂದಣಿಗೆ ತಡೆ ಬಿತ್ತು. ಅದೇ 2024ರ ಜುಲೈ 21ರ ರಾತ್ರಿ ಮದನಪಲ್ಲಿಯ ಸಬ್ ಕಲೆಕ್ಟರ್ ಕಚೇರಿಗೆ ಬೆಂಕಿ ಬಿದ್ದು ಕಂದಾಯದ ಕಡತಗಳು ಸುಟ್ಟುಹೋದದ್ದು ದೊಡ್ಡ ಸುದ್ದಿಯಾಗಿತ್ತು. ಇಂಥ ಕಡೆ "ಇನ್ನೊಂದು ಆರು ತಿಂಗಳಲ್ಲಿ ಪಟ್ಟಿಯಿಂದ ತೆಗೆಸಿಕೊಡ್ತೀವಮ್ಮ" ಅನ್ನೋ ಮಾತು ನಂಬಿ ದುಡ್ಡು ಕೊಡಬೇಡಿ. ಪಟ್ಟಿಯಿಂದ ತೆಗೆದ ಮೇಲೆ ಬನ್ನಿ ಅನ್ನಿ. ಸರ್ವೆ ನಂಬರು ಗೊತ್ತಿದ್ದರೆ ಆಂಧ್ರದ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲೇ ಈ ಪಟ್ಟಿ ನೋಡಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಹತ್ತು ನಿಮಿಷದ ಕೆಲಸ. ಅತ್ತಿಗೆಗೆ ಆ ಹತ್ತು ನಿಮಿಷ ಯಾರೂ ಕೊಡಲಿಲ್ಲ, ನಾನೂ ಸೇರಿ.

ಅದಕ್ಕೇ ನನ್ನ ಮಾತು ಇಷ್ಟು. ಮೊದಲ ಸಲ ಕೊಳ್ಳುವವರು, ಅದೂ ಪಕ್ಕದ ರಾಜ್ಯದಲ್ಲಿ, ಖಾಲಿ ಸೈಟಿಗೆ ಕೈ ಹಾಕಲೇಬೇಡಿ. ಮುನಿಸಿಪಾಲಿಟಿ ಒಳಗೆ ಕಟ್ಟಿ ನಿಂತಿರುವ, ಈಗಾಗಲೇ ಯಾರೋ ವಾಸ ಇರುವ, ಬೆಳಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ ಬರಬಹುದಾದ ಮನೆ ಆದರೆ ನೋಡಿ. ಬಾಗಿಲು ತಟ್ಟಿ ಬಾಡಿಗೆಯವರನ್ನೇ ಕೇಳಿ: ಬಾಡಿಗೆ ಎಷ್ಟು ಕೊಡ್ತೀರಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೋರಿನಲ್ಲಿ ನೀರಿದೆಯಾ, ಓನರ್ ಯಾಕೆ ಮಾರ್ತಿದ್ದಾರೆ. ನಮ್ಮ ಕಡೆಯ ಹಾಗೇ ಅದೂ ಬರದ ನಾಡು. ನೀರಿಲ್ಲದ ಮನೆಗೆ ಬೇಸಿಗೆಯಲ್ಲಿ ಬಾಡಿಗೆಯವರು ನಿಲ್ಲಲ್ಲ. ಬ್ರೋಕರ್ ಹೇಳದ ಸಂಗತಿ ಬಾಡಿಗೆ ಮನೆಯ ಹೆಂಗಸು ಒಂದು ಲೋಟ ನೀರು ಕೊಡುವಷ್ಟರಲ್ಲಿ ಹೇಳಿಬಿಡ್ತಾಳೆ!

ಈಗ ಕಾಗದದ ಮಾತು. ನಮ್ಮಲ್ಲಿ ಖಾತೆ ಅಂದರೆ ಮನೆಯ ಕಂದಾಯದ ದಾಖಲೆ. ಅಲ್ಲಿ ಖಾತಾ ನಂಬರ್ ಅಂದರೆ ಹೊಲದ ಪಾಸ್‌ಬುಕ್ಕಿನ ನಂಬರು. ಅದೇ ಪದ, ವಿಷಯ ಬೇರೆ. ಮನೆಗೆ ಕೇಳಬೇಕಾದದ್ದು ಮುನಿಸಿಪಾಲಿಟಿಯ ಅಸೆಸ್‌ಮೆಂಟ್ ನಂಬರು, ಮನೆ ತೆರಿಗೆ ಕಟ್ಟಿದ ರಸೀದಿ, ಕಟ್ಟಡದ ಪ್ಲಾನ್ ಮಂಜೂರಾತಿ. ಹಳೇ ಪತ್ರಗಳಿಗೆ ಅಲ್ಲಿ ಲಿಂಕ್ ಡಾಕ್ಯುಮೆಂಟ್ ಅಂತಾರೆ. ಯಾರಿಂದ ಯಾರಿಗೆ ಬಂತು ಅನ್ನೋದು ಒಂದೂ ಕೊಂಡಿ ತಪ್ಪದೆ ಇರಬೇಕು. 30 ವರ್ಷದ ಇ.ಸಿ. ತೆಗೆಸಿ. ಹಳೇ ಪತ್ರದಲ್ಲಿ ಹಿಂದೂಪುರ 'ಅನಂತಪುರ ಜಿಲ್ಲೆ', ಮದನಪಲ್ಲಿ 'ಚಿತ್ತೂರು ಜಿಲ್ಲೆ' ಅಂತ ಇದ್ದರೆ ಗಾಬರಿಯಾಗಬೇಡಿ. 2022ರಲ್ಲಿ ಆ ಜಿಲ್ಲೆಗಳನ್ನು ಒಡೆದರು. 2007ರ ಮುಂಚಿನ ನಮ್ಮ ಪತ್ರಗಳಲ್ಲೂ ಕೋಲಾರ ಜಿಲ್ಲೆ ಅಂತಲೇ ಇಲ್ವೇ?

ಅಳತೆಯಲ್ಲೂ ಹುಷಾರು. ನಾವು ಗುಂಟೆ, 30-40 ಸೈಟು ಅಂತೀವಿ. ಅವರು ಸೆಂಟ್ ಲೆಕ್ಕ ಹೇಳ್ತಾರೆ. ಒಂದು ಸೆಂಟ್ ಅಂದರೆ 435.6 ಚದರಡಿ, ಒಂದು ಗುಂಟೆಗೆ ಎರಡೂವರೆ ಸೆಂಟ್. 30-40 ಸೈಟು ಸುಮಾರು ಎರಡೂಮುಕ್ಕಾಲು ಸೆಂಟ್ ಆಗುತ್ತೆ. "ಮೂರು ಸೆಂಟ್ ಇದೆಯಮ್ಮ" ಅಂತ ಬಾಯಲ್ಲಿ ಹೇಳಿ ಪತ್ರದಲ್ಲಿ ಎರಡೂವರೆ ಬರೆದರೆ ಹೋಗೋದು ಇನ್ನೂರಕ್ಕೂ ಹೆಚ್ಚು ಚದರಡಿ, ಒಂದು ದೊಡ್ಡ ರೂಮು! ಚಕ್ಕುಬಂದಿ ಸಮೇತ ಚದರಡಿಯಲ್ಲೇ ಬರೆಸಿ.

ವಕೀಲರು ಆ ಊರಿನವರೇ ಆಗಲಿ. ಇಲ್ಲಿನ ವಕೀಲರು ಎಷ್ಟೇ ಒಳ್ಳೆಯವರಾದರೂ ಪಳಗಿರುವುದು ಕರ್ನಾಟಕದ ದಾಖಲೆಗಳಲ್ಲಿ. ಮಾರುವವರೋ ಬ್ರೋಕರೋ ತೋರಿಸಿದ ವಕೀಲರು ಬೇಡ. ಇನ್ನೊಂದು ಉಪಾಯ, ಸಾಲ ಬೇಕಾದಷ್ಟು ಇಲ್ಲದಿದ್ದರೂ ಆ ಊರಿನ ರಾಷ್ಟ್ರೀಕೃತ ಬ್ಯಾಂಕಿಗೆ ಸ್ವಲ್ಪ ಸಾಲಕ್ಕೆ ಅರ್ಜಿ ಹಾಕಿ. ಕಾಗದ ಸರಿಯಿಲ್ಲದ ಆಸ್ತಿಗೆ ಬ್ಯಾಂಕು ದುಡ್ಡು ಬಿಚ್ಚೋದಿಲ್ಲ. ಕೊಡಲ್ಲ ಅಂದರೆ ಯಾಕೆ ಅಂತ ಕೇಳಿ ತಿಳಿದುಕೊಳ್ಳಿ. "ರಿಜಿಸ್ಟ್ರೇಷನ್ ಖರ್ಚು ಯಾಕೆ, ಪವರ್ ಆಫ್ ಅಟಾರ್ನಿ ಮಾಡ್ಕೊಡ್ತೀವಿ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಗಡಿ ದಾಟಿದರೆ ರಿಜಿಸ್ಟ್ರೇಷನ್ ಅಗ್ಗ ಅನ್ನೋದೂ ಅಷ್ಟಕ್ಕಷ್ಟೇ. ಆಂಧ್ರದಲ್ಲಿ ಮುದ್ರಾಂಕ 5, ವರ್ಗಾವಣೆ ಸುಂಕ ಒಂದೂವರೆ, ನೋಂದಣಿ 1, ಒಟ್ಟು ನೂರಕ್ಕೆ ಏಳೂವರೆ. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಆದಮೇಲೆ ಎಲ್ಲ ಸೇರಿ ಹೆಚ್ಚೂಕಡಿಮೆ ಅಷ್ಟೇ ಆಗುತ್ತೆ.

ಲೆಕ್ಕ ಹಾಕೋಣ. ಮೂವತ್ತು ಲಕ್ಷದ ಮನೆ ಅಂತಿಟ್ಟುಕೊಳ್ಳಿ. ರಿಜಿಸ್ಟ್ರೇಷನ್‌ಗೆ ಎರಡೂಕಾಲು ಲಕ್ಷ. ತಿಂಗಳ ಬಾಡಿಗೆ 8,000 ಬಂದು, ವರ್ಷದಲ್ಲಿ ಒಂದು ತಿಂಗಳು ಖಾಲಿ ಇದ್ದರೆ ಸಿಗೋದು 88,000. ತೆರಿಗೆ, ಸುಣ್ಣಬಣ್ಣ, ನಲ್ಲಿ ರಿಪೇರಿ, ಓಡಾಟಕ್ಕೆ 12,000 ತೆಗೆಯಿರಿ. ಉಳಿಯೋದು 76,000, ಅಂದರೆ ಹಾಕಿದ ದುಡ್ಡಿಗೆ ನೂರಕ್ಕೆ ಎರಡೂವರೆಯೂ ಇಲ್ಲ! ಅದರಲ್ಲಿ 20 ಲಕ್ಷ ಸಾಲವಾಗಿದ್ದರೆ, ಎಂಟೂವರೆ ಬಡ್ಡಿಗೆ 20 ವರ್ಷಕ್ಕೆ ತಿಂಗಳ ಕಂತು 17,000 ದಾಟುತ್ತೆ. ಬಾಡಿಗೆಯಲ್ಲೇ ಕಂತು ತೀರುತ್ತೆ ಅನ್ನೋರ ಮುಂದೆ ಈ ಲೆಕ್ಕ ಇಡಿ. ಮನೆ ಕೊಳ್ಳಬಾರದು ಅಂತ ನಾನು ಹೇಳ್ತಿಲ್ಲ. ಮುಂದೆ ಬೆಲೆ ಏರಬಹುದು, ಕೈಯಲ್ಲಿ ಒಂದು ಆಸ್ತಿ ಇರುತ್ತೆ. ಆದರೆ ತಿಂಗಳ ಖರ್ಚಿಗೆ ಆಗುತ್ತೆ ಅಂತ ಮಾತ್ರ ಬಳೆ ಅಡ ಇಡಬೇಡಿ.

ಯಾರ ಹೆಸರಿಗೆ? ತವರಿನ ಪಾಲಿನ ದುಡ್ಡಾದರೆ ಖಂಡಿತ ನಿಮ್ಮ ಹೆಸರಿಗೇ. ಬಾಡಿಗೆಯೂ ನಿಮ್ಮದೇ ಬ್ಯಾಂಕ್ ಖಾತೆಗೆ ಬರಲಿ. ಅಲ್ಲಿರೋ ಚಿಕ್ಕಪ್ಪನ ಮಗ ವಸೂಲಿ ಮಾಡಿ ಕೊಡೋದು ಬೇಡ. ಸಂಬಂಧವೂ ಉಳಿಯುತ್ತೆ. ಮುನಿಸಿಪಾಲಿಟಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30 ಬಿಟ್ಟು ಮಿಕ್ಕಿದ್ದನ್ನು ಆದಾಯ ತೆರಿಗೆ ಲೆಕ್ಕಕ್ಕೆ ಹಿಡೀತಾರೆ. ಯಜಮಾನರು ಸುಮ್ಮನೆ ಕೊಟ್ಟ ದುಡ್ಡಲ್ಲಿ ನಿಮ್ಮ ಹೆಸರಿಗೆ ಕೊಂಡಿದ್ದರೆ ಆ ಬಾಡಿಗೆ ತೆರಿಗೆ ಮಟ್ಟಿಗೆ ಅವರ ಆದಾಯಕ್ಕೇ ಸೇರುತ್ತೆ. ಇದನ್ನು ಅವರಿಗೂ ಮೊದಲೇ ಹೇಳಿಬಿಡಿ.

ಬಾಡಿಗೆ ಕರಾರು 11 ತಿಂಗಳಿಗೆ ಮಾಡಿ. ಆದರೆ ಆಂಧ್ರದಲ್ಲಿ ಕರಾರು ಎಷ್ಟೇ ಅವಧಿಯದಾದರೂ ನೋಂದಣಿ ಆಗಲೇಬೇಕು. ಬಾಡಿಗೆಯವರು ಬಿಡಲ್ಲ ಅಂತ ಕೂತರೆ ಕೇಸು ನಡೆಯೋದು ಮನೆ ಇರುವ ಊರಿನ ಕೋರ್ಟಿನಲ್ಲಿ, ಚಿಕ್ಕಬಳ್ಳಾಪುರದಲ್ಲಲ್ಲ. ಪ್ರತಿ ವಾಯಿದೆಗೂ ಮನೆ ಬೀಗ ಹಾಕಿ ಬಸ್ಸು ಹತ್ತಲು ಆಗುತ್ತಾ, ಯೋಚಿಸಿ.

ಅತ್ತಿಗೆಯ ಕಾಗದಗಳನ್ನು ಈಗ ಮದನಪಲ್ಲಿಯ ವಕೀಲರೊಬ್ಬರಿಗೆ ಕೊಟ್ಟಿದ್ದೇವೆ. ಅವರು ಪ್ರತಿ ಸಾಲನ್ನೂ ಓದಿ ಅರ್ಥ ಹೇಳುವಾಗ ಅತ್ತಿಗೆ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಮಾರಿದವರು ಅರ್ಧ ದುಡ್ಡು ವಾಪಸ್ ಕೊಡ್ತೀವಿ ಅಂತಿದ್ದಾರೆ. ಬರುವ ತಿಂಗಳು ಮತ್ತೆ ಹೋಗಬೇಕು. ಈ ಸಲ ನಾನೂ ಜೊತೆಗೆ ಹೋಗ್ತಿದ್ದೇನೆ.