ಹಳೆ ಇಂಜಿನ್ ಅಂದರೆ ಸೋರಲೇಬೇಕೆ?



ಕಳೆದ ತಿಂಗಳು ಇದೇ ಗೋಡೆಯ ಮೇಲೆ ನಮ್ಮ ಅಘನಾಶಿನಿ ಅಳಿವೆಯ ಬಗ್ಗೆ ಲೇಖನ ಬಂದಿತ್ತು. 2024ರ ಜನವರಿಯಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು ಅಂತ ಓದಿ ನನಗೂ ಹೆಮ್ಮೆಯಾಯಿತು. ಅದೇ ಸಂಜೆ ಧಕ್ಕೆಗೆ ಹೋದರೆ ಬೋಟುಗಳ ನಡುವಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದಲ್ಲಿ ಆಯಿಲ್ ತೇಲುತ್ತಿತ್ತು. ಲೇಖನದಲ್ಲಿ ಅದರ ಮಾತೇ ಇರಲಿಲ್ಲ. ಹೋದ ವರ್ಷದವರೆಗೆ ಆ ಬಣ್ಣದಲ್ಲಿ ನಮ್ಮ ಮನೆ ಬೋಟಿನ ಪಾಲೂ ಇತ್ತು. ಹೇಳಲು ನಾಚಿಕೆ, ಆದರೂ ಬರೀತೇನೆ.

ನಮ್ಮ ಬೋಟಿನ ಡೀಸೆಲ್ ಇಂಜಿನ್ ನನಗಿಂತ ದೊಡ್ಡದು, ವಯಸ್ಸಿನಲ್ಲಿ. ದಿನಾ ಬೆಳಿಗ್ಗೆ ಅಪ್ಪ ಅದಕ್ಕೆ ಅರ್ಧ ಲೀಟರ್ ಆಯಿಲ್ ಹೊಯ್ಯುತ್ತಿದ್ದರು. ಅದು ಸೋರಿ ಬೋಟಿನ ಅಡಿಯ ನೀರಿಗೆ ಸೇರುತ್ತಿತ್ತು. ಆ ನೀರನ್ನು ಪಂಪ್ ಮಾಡಿ ಹೊರಗೆ ಚೆಲ್ಲುತ್ತಿದ್ದೆವು. ಇಳಿತದ ಹೊತ್ತಿನಲ್ಲಿ ಅಜ್ಜಿ ಬಳಚು ಆರಿಸುವುದೂ ಅದೇ ಅಳಿವೆಯಲ್ಲಿ. ಯಾರನ್ನು ಕೇಳಿದರೂ ಒಂದೇ ಉತ್ತರ: "ಹಳೆ ಇಂಜಿನ್ ಅಂದ್ಮೇಲೆ ಸೋರೂದೇ ಮಾರಾಯ."

ಈ ಮಾತು ಸುಳ್ಳು ಅಂತ ನನ್ನ ಅಭಿಪ್ರಾಯ. ಇಂಜಿನ್ ಹಳೆಯದಾದರೆ ಅದರ ಕಬ್ಬಿಣ ಸೋರುವುದಿಲ್ಲ. ಸೋರುವುದು ಪ್ಯಾಕಿಂಗ್ ಮತ್ತು ಸೀಲ್. ಅವು ಸವೆಯಲಿಕ್ಕೇ ಇರುವ ವಸ್ತುಗಳು, ಚಪ್ಪಲಿಯ ಅಟ್ಟೆ ಇದ್ದ ಹಾಗೆ.

ಹೋದ ವರ್ಷ ಮೇ ತಿಂಗಳಲ್ಲಿ ಒಬ್ಬ ಮೆಕ್ಯಾನಿಕ್ ಬಂದು ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರು. ಹಳೆ ಪ್ಯಾಕಿಂಗ್ ಬದಲಿಸಲಿಲ್ಲ. ಅದರ ಮೇಲೇ ಟ್ಯೂಬಿನ ಗಮ್ ದಪ್ಪಗೆ ಬಳಿದು ಮುಚ್ಚಿದರು. ಬೋಲ್ಟ್ ಬಿಗಿ ಮಾಡಿದಾಗ ಹೊರಗೆ ಎಷ್ಟು ಗಮ್ ಉಕ್ಕಿತೋ ಒಳಗೂ ಅಷ್ಟೇ ಉಕ್ಕಿರಬೇಕಲ್ಲ? ಆ ಚೂರುಗಳು ಉದುರಿ ಆಯಿಲ್ ಎಳೆಯುವ ಜಾಳಿಗೆಗೆ ಅಂಟಿಕೊಂಡವು. ನಾಲ್ಕನೇ ದಿನ ಅಳಿವೆ ಬಾಯಿಯ ಹೊರಗೆ ಆಯಿಲ್ ಪ್ರೆಶರಿನ ಮುಳ್ಳು ಕೆಳಗಿಳಿಯಿತು. ಅಪ್ಪ ನೋಡಿ ತಟ್ಟನೆ ಇಂಜಿನ್ ನಿಲ್ಲಿಸಿದ್ದರಿಂದ ಬೇರಿಂಗ್ ಉಳಿಯಿತು. ಆದರೆ ಇಂಜಿನ್ ಇಲ್ಲದ ಬೋಟು ತೆರೆಯಲ್ಲಿ ಕೊಬ್ಬರಿ ಚಿಪ್ಪು. ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ತರುವವರೆಗೆ ಅಮ್ಮ ಧಕ್ಕೆ ಬಿಟ್ಟು ಕದಲಲಿಲ್ಲ. ಗಮ್ ಕೆಟ್ಟದ್ದಲ್ಲ, ಮೂಲೆಗಳಿಗೆ ತೆಳ್ಳಗೆ ಹಚ್ಚಿದರೆ ಒಳ್ಳೆಯದೇ. ಪ್ಯಾಕಿಂಗ್ ಬದಲಿಗೆ ಗಮ್ ಹಾಕುವುದು ತಪ್ಪು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟು ಸಮುದ್ರಕ್ಕೆ ಇಳಿಯುವಂತಿಲ್ಲವಲ್ಲ, ಆಗ ಜಾಳಿಗೆ ತೊಳೆದು ಬೇರೆ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಇಂಜಿನ್ನಿನ ಹಿಂಭಾಗ ಪೂರ್ತಿ ಆಯಿಲ್ ಆಗಿತ್ತು. ಎಲ್ಲರೂ ಕ್ರ್ಯಾಂಕಿನ ಹಿಂದಿನ ಸೀಲೇ ಹೋಗಿದೆ ಅಂದರು. ಅದನ್ನು ಬದಲಿಸಲು ಗೇರ್‌ಬಾಕ್ಸ್, ಫ್ಲೈವೀಲ್ ಎಲ್ಲ ಕಳಚಬೇಕು. ಖರ್ಚು ಕೇಳಿಯೇ ಅಪ್ಪ ಸುಮ್ಮನಾದರು. ಹಿರಿಯರು ಮಾತ್ರ, "ಮೊದ್ಲು ತೊಳೀರಿ, ಆಮೇಲೆ ನೋಡುವಾ" ಅಂದರು. ಸೀಮೆ ಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿದೆವು. ನಂತರ "ಶಾಲೆಯಿಂದ ಸೀಮೆಸುಣ್ಣದ ಪುಡಿ ತಾ ಮಗಾ" ಅಂದರು! ಬೋರ್ಡಿನ ಕೆಳಗೆ ಬಿದ್ದ ಪುಡಿಯನ್ನು ಒಂದು ಪೊಟ್ಟಣ ಕಟ್ಟಿಕೊಂಡು ಹೋದದ್ದು ನಾನೇ. ಅಕ್ಕೋರು ಕ್ಷಮಿಸಬೇಕು.

ಪುಡಿಯನ್ನು ಇಂಜಿನ್ ಮೇಲೆ ತೆಳ್ಳಗೆ ಉದುರಿಸಿ ಹದಿನೈದು ನಿಮಿಷ ಓಡಿಸಿದೆವು. ತಿರುಗುವ ಇಂಜಿನ್ ಹತ್ತಿರ ನನ್ನನ್ನು ಬಿಡಲಿಲ್ಲ, ಅಪ್ಪನೇ ಟಾರ್ಚ್ ಹಿಡಿದರು. ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆದ ಹಾಗೆ ಕಾಣಿಸಿತು. ಆಯಿಲ್ ಬರುತ್ತಿದ್ದದ್ದು ಮೇಲಿನ ಟ್ಯಾಪೆಟ್ ಮುಚ್ಚಳದ ಹಿಂದಿನ ಮೂಲೆಯಿಂದ! ಅಲ್ಲಿಂದ ಇಳಿದು ಕ್ರ್ಯಾಂಕ್ ಸೀಲಿನ ಮೇಲೆ ಸುಳ್ಳು ಅಪವಾದ ಹೊರಿಸಿತ್ತು. ಮುಚ್ಚಳದ ಕಾರ್ಕ್ ಪ್ಯಾಕಿಂಗ್ ಚಪ್ಪಟೆಯಾಗಿ ಒಡೆದಿತ್ತು. ಸೋರಿದಾಗೆಲ್ಲ ಬೋಲ್ಟ್ ಇನ್ನಷ್ಟು ಬಿಗಿ ಮಾಡಿದ್ದಕ್ಕೆ ಮುಚ್ಚಳದ ಅಂಚೂ ಬಾಗಿತ್ತು. ಅದನ್ನು ಮರದ ಮೇಲಿಟ್ಟು ತಟ್ಟಿ ನೇರ ಮಾಡಿ, ಹೊಸ ಕಾರ್ಕ್ ಇಟ್ಟು, ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದರು.

ಅಷ್ಟಕ್ಕೇ ಬಿಡಲಿಲ್ಲ. ಇಂಜಿನ್ನಿನ ಒಳಗಿನ ಹಬೆ ಹೊರಹೋಗುವ ಬ್ರೀದರ್ ಪೈಪು ಮಸಿ ಜಿಡ್ಡಿನಿಂದ ಕಟ್ಟಿತ್ತು. ಒಳಗಿನ ಒತ್ತಡಕ್ಕೆ ದಾರಿ ಇಲ್ಲದಿದ್ದರೆ ಅದು ಪ್ಯಾಕಿಂಗನ್ನೋ ಸೀಲನ್ನೋ ದಾಟಿ ಆಯಿಲ್ ದೂಡ್ತದೆ. ಪೈಪು ತೊಳೆಯದೆ ಹೊಸ ಪ್ಯಾಕಿಂಗ್ ಹಾಕಿದ್ದರೆ ಅದೂ ಸೋರುತ್ತಿತ್ತು ಅಂತ ಅವರು ಹೇಳಿದರು.

ನೀರಿನ ಪಂಪಿನ ಸೀಲ್ ಮಾತ್ರ ನಿಜವಾಗಿಯೂ ಹೋಗಿತ್ತು. ಸೀಲ್ ಅಂದರೆ ಬಳೆಯಂಥ ರಬ್ಬರು. ಒಳಗಿನ ತೆಳ್ಳಗಿನ ತುಟಿ ತಿರುಗುವ ಶಾಫ್ಟನ್ನು ಅಪ್ಪಿಕೊಂಡಿರ್ತದೆ. ತುಟಿ ಗಟ್ಟಿಯಾದರೆ ಹಿಡಿತ ತಪ್ಪಿತು. ಅದು ಉಜ್ಜಿ ಉಜ್ಜಿ ಶಾಫ್ಟಿನಲ್ಲೂ ಗೆರೆ ಬೀಳ್ತದೆ. ಉಗುರು ಆಡಿಸಿ ನೋಡಿದೆ, ಸಿಕ್ಕಿಕೊಂಡಿತು. ಹೊಸ ಸೀಲಿನ ತುಟಿ ಆ ಗೆರೆಯಲ್ಲೇ ಕೂರದ ಹಾಗೆ ಕೂದಲೆಳೆಯಷ್ಟು ಜರುಗಿಸಿ ಕೂರಿಸಿದರು.

ಒಂದು ಸೋರಿಕೆ ಮಾತ್ರ ಇರಬೇಕಂತೆ. ನಮ್ಮಂಥ ಬೋಟುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವಲ್ಲಿ ದಾರದ ಪ್ಯಾಕಿಂಗ್ ಇರ್ತದೆ. ಓಡುವಾಗ ಅಲ್ಲಿ ಹನಿಹನಿ ನೀರು ಬೀಳಬೇಕು. ಪೂರ್ತಿ ಬಿಗಿದರೆ ಶಾಫ್ಟ್ ಬಿಸಿಯಾಗಿ ಸವೀತದೆ.

ಹಂಗಾಮಿನಲ್ಲಿ ಒಂದು ದಿನ ಬೋಟು ನಿಂತರೆ ಖಲಾಸಿಗಳ ಪಾಲೂ ಹೋಗ್ತದೆ ಅಂತ ಅಪ್ಪ ಹೇಳುವುದು ನಿಜ. ಆದರೆ 61 ದಿನ ರಜೆ ಇದೆಯಲ್ಲ! ಬಲೆ ಹೊಲಿಯುವುದಕ್ಕೆ ಸಮಯ ಸಿಗ್ತದೆ, ಬೋಟಿಗೆ ಬಣ್ಣ ಹೊಡೆಯಲಿಕ್ಕೂ ಸಿಗ್ತದೆ, ಪ್ಯಾಕಿಂಗ್ ಬದಲಿಸಲು ಮಾತ್ರ ಯಾಕೆ ಸಿಗುವುದಿಲ್ಲ? ಈಗ ನಮ್ಮ ಇಂಜಿನ್ನಿಗೆ ವಾರವಾದರೂ ಆಯಿಲ್ ಹೊಯ್ಯಬೇಕಾಗಿ ಬರುವುದಿಲ್ಲ. ಬಸಿದ ಹಳೆ ಆಯಿಲನ್ನು ಅಪ್ಪ ಕ್ಯಾನಿನಲ್ಲಿ ತುಂಬಿ ದಡಕ್ಕೆ ತರ್ತಾರೆ.

ಮುಂದಿನ ಜೂನ್‌ನಲ್ಲಿ ನಿಮ್ಮ ಬೋಟಿಗೂ ಸೀಮೆಸುಣ್ಣದ ಪುಡಿ ಬೇಕಾದರೆ ನನ್ನನ್ನು ಕೇಳಿ. ಈ ಸಲ ಅಕ್ಕೋರಿಗೆ ಹೇಳಿಯೇ ತೆಗೆದುಕೊಂಡು ಹೋಗೋಣ.

— 10ನೇ ತರಗತಿ