ದೊಡ್ಡ ಹಜಾರ, ಚಿಕ್ಕ ಥೈಲಿ

ಧ್ವನಿವರ್ಧಕವೆಂದೊಡನೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ಗದ್ದಲ. ಮದುವೆಯ ಚಪ್ಪರ, ಗಣಪತಿಯ ಪೆಂಡಾಲು, ಚುನಾವಣೆಯ ಜೀಪು—ಈ ಮೂರೂ ಸೇರಿ ಆ ಸಾಧನಕ್ಕೆ ಕೆಟ್ಟ ಹೆಸರನ್ನು ತಂದಿವೆ. ಆದರೆ ಅದೇ ಸಾಧನ ಮನೆಯ ಹಜಾರದಲ್ಲಿ ಹತ್ತು ಮಂದಿ ರಸಿಕರ ಮುಂದೆ ಹದವಾಗಿ ನುಡಿದರೆ, ಎಂದೋ ಕಣ್ಮರೆಯಾದ ಗಾಯಕನೂ ಎದುರಿಗೆ ಬಂದು ಕುಳಿತಂತೆ ತೋರುತ್ತಾನೆ. ಈ ವಾರ ಇಂಥ ಸ್ಪೀಕರನ್ನು ಕುರಿತು, ಅದರಲ್ಲಿಯೂ ದೊಡ್ಡ ಕೊಠಡಿಗೆ ಸಣ್ಣ ಹಣದಲ್ಲಿ ಕೊಳ್ಳಬೇಕಾದವರ ಪಾಡನ್ನು ಕುರಿತು, ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಈ ಯಂತ್ರವಿದ್ಯೆ ಏತಕ್ಕೆಂದು ವಾಚಕರು ಹುಬ್ಬೇರಿಸಬಾರದು. ಆಡಿದ ಮಾತು ಕಡೆಯ ಬೆಂಚಿನವನ ಕಿವಿಗೆ ಮುಟ್ಟುವುದು ಹೇಗೆಂಬುದು ತರಗತಿಯಲ್ಲಿ ನಿಂತವನಿಗೆ ದಿನವೂ ಎದುರಾಗುವ ಪ್ರಶ್ನೆ.

ಗುಬ್ಬಿಯಲ್ಲಿ ನನಗೆ ಆತ್ಮೀಯರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಹಿರಿಯರು ಕಟ್ಟಿಸಿದ ಮನೆ. ಅದರ ಹಜಾರ ೩೦ ಅಡಿ ಉದ್ದ, ೨೦ ಅಡಿ ಅಗಲ, ೧೨ ಅಡಿ ಎತ್ತರ. ನೆಲಕ್ಕೆ ಕಲ್ಲು, ಗೋಡೆಗೆ ನುಣುಪು ಗಾರೆ. ಪ್ರತಿ ಭಾನುವಾರ ಸಂಜೆ ಅಲ್ಲಿ ಹನ್ನೆರಡು ಮಂದಿ ಹಿರಿಯರು ಸೇರುವರು. ರಂಗಗೀತೆ, ಗಮಕವಾಚನ, ಕುಣಿಗಲ್ ಕೆರೆಯ ಮೇಲಿನ ಜನಪದ ಗೀತೆ, ಇವುಗಳ ಧ್ವನಿಮುದ್ರಿಕೆಗಳನ್ನು ಕೇಳುವರು. ಕುಣಿಗಲಿನಿಂದ ಬಸ್ಸು ಹತ್ತಿ ಬರುವವರೂ ಇಬ್ಬರಿದ್ದರು. ಇದ್ದರು ಎಂದೆ, ಏಕೆಂದರೆ ಈಚೆಗೆ ಅವರ ಬರವು ನಿಂತಿತ್ತು. ಕಾರಣ ಕೇಳಿದಾಗ ಅವರಲ್ಲೊಬ್ಬರು ಹೇಳಿದ ಉತ್ತರ ಇಷ್ಟೆ: "ಸದ್ದು ಕೇಳಿಸುತ್ತೆ ಕಣಯ್ಯಾ, ಮಾತು ತಿಳಿಯೋದಿಲ್ಲ."

ಮೇಷ್ಟ್ರಿಗೆ ಈ ಮಾತು ಬಹಳ ನಾಟಿತು. ಬೀರುವಿನ ಮೇಲೆ ಕುಳಿತಿದ್ದ ಎರಡು ಪುಟ್ಟ ಸ್ಪೀಕರುಗಳೇ ಅಪರಾಧಿಗಳೆಂದು ತೀರ್ಮಾನಿಸಿ, ನಿವೃತ್ತಿವೇತನದಲ್ಲಿ ಉಳಿಸಿದ ೬೦,೦೦೦ ರೂಪಾಯಿಗಳನ್ನು ಎತ್ತಿಟ್ಟರು. ತುಮಕೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, "ಸಾರ್, ಹಾಲ್ ದೊಡ್ಡದು ಅಂತೀರಿ, ಸಾವಿರ ವಾಟ್‌ಗಿಂತ ಕಡಮೆ ತಗೋಬೇಡಿ," ಎಂಬ ಉಪದೇಶ ದೊರೆಯಿತು. ಮನೆಗೆ ಹಿಂದಿರುಗಿ ನನ್ನನ್ನು ಕರೆಸಿ ಕೇಳಿದರು: "ಏನಪ್ಪಾ, ಸಾವಿರ ವಾಟ್ ತಂದರೆ ಆ ಇಬ್ಬರು ಮತ್ತೆ ಬರ್ತಾರಾ?"

"ಮೇಷ್ಟ್ರೇ, ನೀವು ಕೊಳ್ಳಬೇಕಾದದ್ದು ಗಟ್ಟಿಯಾದ ಸದ್ದನ್ನಲ್ಲ, ತಿಳಿಯಾದ ಸದ್ದನ್ನು," ಎಂದೆ. ಅದನ್ನು ವಿವರಿಸಲು ಅವರ ಊರನ್ನೇ ಉದಾಹರಣೆಗೆ ತಂದುಕೊಳ್ಳಬೇಕಾಯಿತು.

೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನೂ, ಅದನ್ನು ನಾಡಿನಾದ್ಯಂತ ಬೆಳಗಿಸಿದ ಗುಬ್ಬಿ ವೀರಣ್ಣನವರನ್ನೂ ಅರಿಯದ ಕನ್ನಡಿಗನಿಲ್ಲ. ತುಮಕೂರಿನಲ್ಲಿ ಇಂದು ಅವರ ಹೆಸರಿನ ಕಲಾಕ್ಷೇತ್ರವಿದೆ. ಮೈಕು ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ, ರಂಗದ ಮೇಲೆ ಹಾಡಿದ ಪದ್ಯ ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ಅಕ್ಷರ ಅಕ್ಷರವಾಗಿ ತಲುಪಬೇಕಾಗಿತ್ತು. ಅದು ಬರಿಯ ಕೂಗಿನಿಂದ ಆಗುವ ಕೆಲಸವಲ್ಲ. ಸ್ವರಗಳು ಧ್ವನಿಗೆ ತೂಕ ಕೊಡುತ್ತವೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರುವವು ವ್ಯಂಜನಗಳು. ಕ, ತ, ಸ, ಶಗಳ ಸೂಕ್ಷ್ಮವೆಲ್ಲ ಸೆಕೆಂಡಿಗೆ ೨,೦೦೦ ಕಂಪನಗಳಿಂದ ಮೇಲಿನ ಎತ್ತರದಲ್ಲಿ, ಅತ್ಯಲ್ಪ ಶಕ್ತಿಯಲ್ಲಿ ಅಡಗಿರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಎತ್ತರದ ದನಿಗಳನ್ನೇ. ಇನ್ನು ಹಿಂದಿನ ಸ್ವರದ ಗುಂಯ್‌ಗುಟ್ಟುವಿಕೆ ಹಜಾರದಲ್ಲಿ ಉಳಿದಿರುವಾಗಲೇ ಮುಂದಿನ ವ್ಯಂಜನ ಬಂದರೆ, ಪಾಪ, ಅದರ ಗತಿಯೇನು? ಇಂಥಲ್ಲಿ ಗುಂಡಿ ತಿರುಗಿಸಿ ಸದ್ದನ್ನು ಏರಿಸಿದರೆ ಮಾತಿನ ಜೊತೆಗೆ ಗುಂಯ್‌ಗುಟ್ಟುವಿಕೆಯೂ ಅಷ್ಟೇ ಏರುತ್ತದೆ.

ಇದಕ್ಕೆ ಲೆಕ್ಕವನ್ನು ಕಂಡುಹಿಡಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸಬೀನ್. ೧೮೯೫ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಉಪನ್ಯಾಸಕರ ಮಾತೇ ತಿಳಿಯದೆ ಹೋದಾಗ, ಅದನ್ನು ಸರಿಪಡಿಸುವ ಹೊರೆ ಆ ತರುಣನ ಮೇಲೆ ಬಿತ್ತು. ಆತ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಆಸನಗಳ ದಿಂಬುಗಳನ್ನು ಹೊತ್ತು ತಂದು ಹರಡಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುವುದೆಂದು ಅಳೆದ. ಕೊಠಡಿ ದೊಡ್ಡದಾದಷ್ಟೂ ಅನುರಣನ ಹೆಚ್ಚು. ಸದ್ದನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಕಡಮೆ, ಇದೇ ಅವನ ಸೂತ್ರದ ಸಾರ. ೧೯೦೦ರಲ್ಲಿ ತೆರೆದ ಬಾಸ್ಟನ್ ನಗರದ ಸಿಂಫನಿ ಹಾಲ್ ಆ ಸೂತ್ರದ ನೆರವಿನಿಂದ ಕಟ್ಟಿದ್ದು.

ನಮ್ಮ ಮೇಷ್ಟ್ರ ಹಜಾರದ ಘನ ಅಳತೆ ೭,೨೦೦ ಘನ ಅಡಿ. ಗೋಡೆ, ನೆಲ, ಸೂರು ಸೇರಿ ೨,೪೦೦ ಚದರ ಅಡಿ. ಬರಿಯ ಕಲ್ಲು ಗಾರೆಗಳು ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಐದು ಪಾಲನ್ನು ಮಾತ್ರ ಹೀರುವುವೆಂದು ಹಿಡಿದರೂ, ಸಬೀನನ ಸೂತ್ರದಂತೆ ಅಲ್ಲಿ ಒಂದು ಸದ್ದು ಅಡಗಲು ಸುಮಾರು ೩ ಸೆಕೆಂಡು ಬೇಕು. ಅಷ್ಟರೊಳಗೆ ಗಮಕಿ ಅರ್ಧ ಪಂಕ್ತಿಯನ್ನು ಓದಿ ಮುಗಿಸಿರುತ್ತಾರೆ! ದಪ್ಪ ಪರದೆ, ಜಮಖಾನ, ಹತ್ತಿಯ ಹಾಸಿಗೆ, ಪುಸ್ತಕ ತುಂಬಿದ ತೆರೆದ ಬೀರು, ಜೊತೆಗೆ ಕುಳಿತ ಹನ್ನೆರಡು ಮಂದಿ, ಇವೆಲ್ಲ ಸೇರಿ ಇನ್ನು ೧೮೦ ಚದರ ಅಡಿಯ ತೆರೆದ ಕಿಟಕಿಯಷ್ಟು ಸದ್ದನ್ನು ನುಂಗಿದರೆ, ಮೂರು ಸೆಕೆಂಡು ಸುಮಾರು ಒಂದೂಕಾಲಕ್ಕೆ ಇಳಿಯುತ್ತದೆ. ಸಾವಿರ ವಾಟ್ ಮಾಡಲಾರದ ಕೆಲಸವನ್ನು ಜಮಖಾನ ಮಾಡುತ್ತದೆಂಬುದು ಇದರ ತಾತ್ಪರ್ಯ.

ಹಾಗಾದರೆ ಸ್ಪೀಕರ್ ಹೇಗಿದ್ದರೂ ಆದೀತೇ? ಖಂಡಿತ ಆಗದು. ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರಷ್ಟೆ. ಮೈಕಿಲ್ಲದ ಕಚೇರಿಯಲ್ಲಿ ದೂರ ಕುಳಿತವರಿಗೂ ನಾದ ತಲುಪಬೇಕೆಂಬುದೇ ಅದರ ಉದ್ದೇಶ. ವಾದ್ಯವೇ ಹೆಚ್ಚು ನಾದ ಕೊಡುವಂತಿರಬೇಕೆಂಬುದು ಅಲ್ಲಿನ ಯುಕ್ತಿ. ಸ್ಪೀಕರಿನಲ್ಲಿ ಈ ಗುಣಕ್ಕೆ ಸಂವೇದನೆಯೆಂದು ಹೆಸರು. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುವುದೆಂಬುದು ಅದರ ಅಳತೆ. ಅಂಗಡಿಯವನು ವಾಟ್ ಹೇಳಿದಾಗ, ಕೊಳ್ಳುವವನು ಕೇಳಬೇಕಾದದ್ದು ಈ ಸಂಖ್ಯೆಯನ್ನು. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೆರೆಯುವ ಪಿ.ಎಂ.ಪಿ.ಒ. ವಾಟ್ ಕೇವಲ ಅಲಂಕಾರ. ನಮ್ಮ ಕಾವ್ಯಶಾಸ್ತ್ರದ ಭಾಷೆಯಲ್ಲಿ ಅತಿಶಯೋಕ್ತಿ.

ದೂರ ಇಮ್ಮಡಿಯಾದಾಗಲೆಲ್ಲ ನೇರವಾಗಿ ಬರುವ ಸದ್ದು ೬ ಡೆಸಿಬೆಲ್ ಇಳಿಯುತ್ತದೆ. ಶಕ್ತಿಯನ್ನು ಇಮ್ಮಡಿಸಿದರೆ ಏರುವುದು ೩ ಡೆಸಿಬೆಲ್ ಮಾತ್ರ. ಗೋಡೆಗಳು ಕೊಂಚ ಸದ್ದನ್ನು ಹಿಂದಿರುಗಿಸುತ್ತವೆ, ನಿಜ. ಆದರೆ ಮಾತನ್ನು ಮಸುಕುಗೊಳಿಸುವುದೇ ಆ ಸದ್ದು. ಆದುದರಿಂದ ನೇರವಾಗಿ ಬರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ. ೪ ಮೀಟರ್, ಅಂದರೆ ೧೩ ಅಡಿ ದೂರದಲ್ಲಿ ಕುಳಿತವರಿಗೆ ಮೃದಂಗದ ದೊಡ್ಡ ಪೆಟ್ಟು ೯೨ ಡೆಸಿಬೆಲ್ ಮಟ್ಟದಲ್ಲಿ ಕೇಳಬೇಕೆನ್ನಿ. ೮೬ ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ ಆ ಕ್ಷಣದಲ್ಲಿ ಸುಮಾರು ೬೪ ವಾಟ್ ಬೇಕು. ೯೨ ಡೆಸಿಬೆಲ್‌ನದಕ್ಕೆ ೧೬ ವಾಟ್ ಸಾಕು. ಮೇಷ್ಟ್ರ ಮನೆಯ ಆಂಪ್ಲಿಫೈಯರ್ ಒಂದೊಂದು ಪಕ್ಕಕ್ಕೆ ೪೦ ವಾಟ್ ಕೊಡುವಂಥದು. ಮೊದಲನೆಯ ಬಗೆಯ ಸ್ಪೀಕರ್ ತಂದರೆ ಹೊಸ ಆಂಪ್ಲಿಫೈಯರನ್ನೂ ತರಬೇಕು. ಇಲ್ಲವಾದರೆ ಹಳೆಯದು ಏದುಸಿರು ಬಿಟ್ಟು, ಸದ್ದನ್ನು ಕೆಡಿಸಿ, ಕೊನೆಗೆ ಟ್ವೀಟರನ್ನೂ ಸುಟ್ಟೀತು. ಎರಡನೆಯ ಬಗೆ ತಂದರೆ ಇರುವುದೇ ಸಾಕು.

ದೊಡ್ಡ ಕೊಠಡಿಗೆ ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರನ್ನು ಹೇಳುವುದೂ ಇದೇ ಕಾರಣಕ್ಕೆ. ಅಮೆರಿಕದ ಕೆ.ಎಲ್.ಎಚ್. ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಹಾಫ್‌ಮನ್ನನ ಹೆಸರಿನಲ್ಲಿ ಒಂದು ಕಠಿಣ ನಿಯಮವಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದನೆ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಮಂದ್ರ ನುಡಿಯಬೇಕಾದರೆ ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಸದ್ದಿಗೆ ಸ್ಪೀಕರಿನ ಕೋನು ನಾಲ್ಕರಷ್ಟು ದೂರ ಚಲಿಸಬೇಕಾಗುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ವೂಫರುಗಳು ಹೊರೆ ಹಂಚಿಕೊಂಡರೆ ಆ ಶ್ರಮ ಹಗುರ. ಹಜಾರ ದೊಡ್ಡದಿರುವವರು ಪೆಟ್ಟಿಗೆಯ ಗಾತ್ರವನ್ನು ಧಾರಾಳವಾಗಿ ಬಿಟ್ಟುಕೊಟ್ಟು ಉಳಿದೆರಡನ್ನು ಉಳಿಸಿಕೊಳ್ಳಬಹುದು. ಜಾಗವಿರುವವನಿಗೆ ಸಿಗುವ ಸವಲತ್ತು ಇದೊಂದೇ, ಅದನ್ನೇಕೆ ಬಿಡಬೇಕು?

ಇಲ್ಲಿ ಎರಡು ಎಚ್ಚರಿಕೆಗಳುಂಟು. ಕೆಲವರು ಸಂವೇದನೆಯನ್ನು ಒಂದು ವಾಟ್‌ಗೆ ಬದಲು ೨.೮೩ ವೋಲ್ಟ್‌ಗೆ ಬರೆದಿರುತ್ತಾರೆ. ೮ ಓಮ್ ಸ್ಪೀಕರಿಗೆ ಎರಡೂ ಒಂದೇ. ೪ ಓಮ್‌ನದಕ್ಕೆ ಅದು ಎರಡು ವಾಟ್ ಆಗುವುದರಿಂದ ಬರೆದದ್ದರಲ್ಲಿ ೩ ಡೆಸಿಬೆಲ್ ಕಳೆದು ಓದಿಕೊಳ್ಳಬೇಕು. ಎರಡನೆಯದಾಗಿ, ಒಮ್ಮೆ ಬಳಸಿದ ಟವರುಗಳು ಬೆಂಗಳೂರಿನಲ್ಲಿ ಕಡಮೆ ಬೆಲೆಗೆ ದೊರೆಯುವುದುಂಟು. ಆದರೆ ಕೋನಿನ ಸುತ್ತಲಿನ ಅಂಚು ಫೋಮಿನದೋ ರಬ್ಬರಿನದೋ ನೋಡತಕ್ಕದ್ದು. ಫೋಮು ನಮ್ಮ ಹವೆಯಲ್ಲಿ ವರ್ಷ ಕಳೆದಂತೆ ಪುಡಿಪುಡಿಯಾಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ನಿಜಸ್ಥಿತಿ ತಿಳಿಯುವುದು. ಅಂಚನ್ನು ಬದಲಾಯಿಸಬಹುದು, ಆದರೆ ಆ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಬೇಕು.

ಮೇಷ್ಟ್ರು ಹಣವನ್ನು ಹೀಗೆ ಹಂಚಿದರು: ಪರದೆ, ಜಮಖಾನ, ಹಾಸಿಗೆಗಳಿಗೆ ೧೪,೦೦೦, ಎರಡೆರಡು ವೂಫರುಗಳ, ರಬ್ಬರ್ ಅಂಚಿನ, ೯೧ ಡೆಸಿಬೆಲ್ ಸಂವೇದನೆಯ, ೮ ಓಮ್‌ನ ಹಳೆಯ ಟವರ್ ಜೋಡಿಗೆ ೩೬,೦೦೦. ಉಳಿದ ೧೦,೦೦೦ ಅಂಚೆ ಕಚೇರಿಗೆ ಮರಳಿತು. ಕೊಳ್ಳುವ ಮುನ್ನ ಗಮಕದ ಮುದ್ರಿಕೆಯನ್ನೂ ಕುಣಿಗಲ್ ಕೆರೆಯ ಗೀತೆಯನ್ನೂ ಹಾಕಿಸಿ ಕೇಳಿದರು. ಮಾರುವವರು ತಮ್ಮ ಧಡಂಧುಡುಂ ಸಂಗೀತವನ್ನು ಹಾಕಲು ಬಂದಾಗ, "ಅದು ನಮ್ಮನೇಲಿ ನಡೆಯಲ್ಲಪ್ಪಾ," ಎಂದು ತಡೆದರಂತೆ. ಮಾದರಿಗೆ ಮನುಷ್ಯಕಂಠದಂಥ ಒರೆಗಲ್ಲು ಬೇರೊಂದಿಲ್ಲ. ಹುಟ್ಟಿದಂದಿನಿಂದ ನಾವು ಕೇಳಿಬಲ್ಲ ನಾದ ಅದು.

ಮನೆಗೆ ತಂದ ಮೇಲೆ ಟವರುಗಳನ್ನು ಮೂಲೆಗೆ ತಳ್ಳದೆ, ಹಿಂಗೋಡೆಯಿಂದ ಮೂರಡಿ ಮುಂದಕ್ಕೆ ನಿಲ್ಲಿಸಿದೆವು. ಮೂಲೆಯಲ್ಲಿಟ್ಟರೆ ಮಂದ್ರ ಉಬ್ಬಿ ಮಾತನ್ನು ಮುಳುಗಿಸುತ್ತದೆ. ಎರಡರ ನಡುವೆ ಒಂಬತ್ತಡಿ ಅಂತರ. ಮುಖಗಳು ಕೇಳುವವರ ಕಡೆಗೆ ತುಸು ಓರೆ. ಎಲ್ಲಕ್ಕಿಂತ ಮಿಗಿಲಾದ ಸುಧಾರಣೆಗೆ ಒಂದು ಕಾಸೂ ಖರ್ಚಾಗಲಿಲ್ಲ. ೨೦ ಅಡಿಗಳಾಚೆ ಗೋಡೆಗೊರಗಿ ಕೂರುತ್ತಿದ್ದವರ ಆಸನಗಳನ್ನು ೧೨ ಅಡಿಗೆ ಎಳೆದು ತಂದೆವು, ಅಷ್ಟೆ.

ಕುಣಿಗಲಿನ ಇಬ್ಬರಿಗೂ ಮೇಷ್ಟ್ರೇ ಹೇಳಿ ಕಳುಹಿಸಿದರು. ಬಂದವರಲ್ಲೊಬ್ಬರು ಗಮಕವನ್ನು ಕೇಳುತ್ತ ಒಂದು ಪದಕ್ಕೆ ತಟ್ಟನೆ ಕೈಯೆತ್ತಿ, "ಅದರ ಅರ್ಥ ಹಾಗಲ್ಲ," ಎಂದು ವ್ಯಾಖ್ಯಾನಕಾರರೊಡನೆ ವಾದಕ್ಕೆ ನಿಂತರು. ಪದ ಕಿವಿಗೆ ಬಿದ್ದರಲ್ಲವೇ ಅದರ ಅರ್ಥಕ್ಕೆ ಜಗಳ?

ನಿಮ್ಮಲ್ಲಿ ಯಾರಾದರೂ ಇಂಥ ಕೊಳ್ಳುವಿಕೆಗೆ ಹೊರಟಿದ್ದರೆ ಒಂದು ಸಣ್ಣ ಪರೀಕ್ಷೆಯನ್ನು ಮಾಡಿರಿ. ಬರಿದಾದ ಕೊಠಡಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಡಿ. ಆ ಸದ್ದು ಎಳೆದುಕೊಂಡು ಹೋದರೆ ಮೊದಲು ಜಮಖಾನದ ಅಂಗಡಿಗೆ ಹೋಗಿ, ಸ್ಪೀಕರಿನ ಅಂಗಡಿಗೆ ಆಮೇಲೆ. ಸ್ಪೀಕರನ್ನು ಒಪ್ಪುವ ಮುನ್ನ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, "ಏನು ಹಾಡಿದರು?" ಎಂದು ಕೇಳಿರಿ. ಅವರು ಸಾಹಿತ್ಯವನ್ನು ತಪ್ಪಿಲ್ಲದೆ ಹೇಳಿದರೆ ಹಣವನ್ನು ನಿಶ್ಚಿಂತೆಯಿಂದ ಎಣಿಸಿಕೊಡಬಹುದು.