ಹುಳು ಮನೆಯ ಎಚ್ಚರ ನಾಯಿಮರಿಗೂ ಬೇಕು

ಮಾಂಬಳ್ಳಿ ಕಡೆಯ ಊರುಗಳಲ್ಲಿ ನಾಯಿ ಸಾಕುವುದು ಹೊಸದಲ್ಲ. ನಾಯಿ ಜಗಲಿ ದಾಟಿ ನಡುಮನೆಗೆ ಬಂದದ್ದು ಹೊಸದು. ಹಿಂದೆ ಹಟ್ಟಿ ಬಾಗಿಲಲ್ಲಿ ಮಲಗಿ, ಮಿಕ್ಕ ಮುದ್ದೆ ತಿಂದು, ರಾತ್ರಿ ಚಿರತೆಯ ವಾಸನೆ ಬಂದರೆ ಬೊಗಳುತ್ತಿದ್ದ ನಾಟಿ ನಾಯಿಯ ಜಾಗದಲ್ಲಿ ಈಗ ಪಮೇರಿಯನ್, ಪಗ್, ಶಿಟ್ಜು ಮರಿಗಳಿವೆ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ದೇಶದ ಮನೆಮನೆಗೂ ಆಸೆ ಹುಟ್ಟಿಸಿತು. ಆ ಆಸೆ ತಾಲ್ಲೂಕು ಕೇಂದ್ರಗಳನ್ನು ದಾಟಿ ಹಳ್ಳಿಗೂ ಬಂತು. ನಾಯಿ ಬದಲಾದರೂ ಅದನ್ನು ಸಾಕುವ ಕ್ರಮ ಮಾತ್ರ ಬದಲಾಗಿಲ್ಲ.

"ನಾಯಿ ಅಲ್ವಾ ಸೋಮಿ, ಏನ್ ತಿಂದ್ರೂ ಅರಗಿಸ್ಕತ್ತದೆ" ಎನ್ನುವ ಮಾತು ಈ ಸೀಮೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಇಪ್ಪತ್ತು ಕೆ.ಜಿ. ತೂಗುವ ನಾಟಿ ನಾಯಿಯ ಮಟ್ಟಿಗೆ ಅದು ಅರ್ಧ ನಿಜ. ಎರಡು ಕೆ.ಜಿ. ಮರಿಯ ಮಟ್ಟಿಗೆ ಶುದ್ಧ ಸುಳ್ಳು.

ವಿಷದ ಲೆಕ್ಕ ನಡೆಯುವುದು ದೇಹದ ತೂಕದ ಮೇಲೆ. ಜ್ವರಕ್ಕೆ ಮನೆಯವರು ನುಂಗುವ 650 ಎಂಜಿ ಪ್ಯಾರಸಿಟಮಾಲ್ ಮಾತ್ರೆಯನ್ನೇ ನೋಡಿ. ನಾಯಿಗೆ ಪ್ರತಿ ಕೆ.ಜಿ.ಗೆ ಸುಮಾರು 100 ಎಂಜಿ ಮುಟ್ಟಿದರೆ ಪಿತ್ತಜನಕಾಂಗಕ್ಕೆ ಅಪಾಯ ಶುರುವಾಗುತ್ತದೆ. ಎರಡು ಕೆ.ಜಿ. ಮರಿ ಮಂಚದ ಕೆಳಗೆ ಬಿದ್ದ ಒಂದೇ ಮಾತ್ರೆ ಅಗಿದರೂ ಕೆ.ಜಿ.ಗೆ 325 ಎಂಜಿ ಒಳಹೋಯಿತು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಕೆ.ಜಿ.ಗೆ 20 ಎಂಜಿ ಆದರೆ ವಾಂತಿ, ಭೇದಿ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ. 60 ಎಂಜಿ ಹತ್ತಿರ ಬಂದರೆ ಫಿಟ್ಸ್ ಬರಬಹುದು. ಸಾಧಾರಣ ಹಾಲಿನ ಚಾಕೊಲೇಟಿನ 20 ಗ್ರಾಂ ತುಂಡು ಈ ಮರಿಗೆ ಮೊದಲ ಹಂತ ಮುಟ್ಟಿಸಲು ಸಾಕು. ಕಪ್ಪು ಚಾಕೊಲೇಟಾದರೆ ಅದರ ಅರ್ಧವೂ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್‌ಗೆ ಹಾಕುವ ಜೈಲಿಟಾಲ್ ಇನ್ನೂ ಕೆಟ್ಟದ್ದು: ಕೆ.ಜಿ.ಗೆ ಗ್ರಾಮಿನ ಹತ್ತನೇ ಒಂದು ಭಾಗ ಒಳಹೋದರೂ ನಾಯಿಯ ರಕ್ತದ ಸಕ್ಕರೆ ಕುಸಿಯುತ್ತದೆ.

ಅಡುಗೆಮನೆಯಲ್ಲಿ ಇದಕ್ಕಿಂತ ಹತ್ತಿರದ ಅಪಾಯಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿದ್ದರೂ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಸಾರಿನಲ್ಲಿ ಕಲಸಿದ ಮುದ್ದೆ ದಿನವೂ ತಿಂದ ಪುಟ್ಟ ಮರಿಯ ಒಸಡು ಬಿಳಿಚಿಕೊಂಡರೆ ದೃಷ್ಟಿ ತಾಗಿತು ಎಂದು ಮೆಣಸಿನಕಾಯಿ ನಿವಾಳಿಸಿ ಪ್ರಯೋಜನವಿಲ್ಲ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಅದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡ ವೈಫಲ್ಯ ಕಂಡದ್ದು ಆಮೇಲೆ ದಾಖಲಾಯಿತು. ಪಾಯಸದ ಒಣದ್ರಾಕ್ಷಿಯಷ್ಟೇ ಪುಳಿಯೋಗರೆಯ ಗೊಜ್ಜಿನ ಮೇಲೂ ಕಣ್ಣಿರಬೇಕು ಎಂದಾಯಿತು. ವಿಷ ತಿಂದ ನಾಯಿಗೆ ವಾಂತಿ ಮಾಡಿಸಲು ಹುಣಸೆಹುಳಿ ಕುಡಿಸುವವರು ಈಗಲಾದರೂ ಅದನ್ನು ಬಿಡಬೇಕು.

ಮರಿ ಇರುವ ಮನೆಯ ಹಿರಿಯರು ಒಮ್ಮೆ ನೆಲದ ಮೇಲೆ ಕುಳಿತು, ತಲೆ ತಗ್ಗಿಸಿ ನಡುಮನೆಯನ್ನು ನೋಡಬೇಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಆರಿಸದೆ ಬಿಟ್ಟ ಮೊಬೈಲ್ ಚಾರ್ಜರಿನ ವೈರು ಜೋತುಬಿದ್ದಿರುತ್ತದೆ. ಹಲ್ಲು ಬರುವ ಮರಿಗೆ ಅಗಿಯಲು ಅದಕ್ಕಿಂತ ಚೆಂದದ ವಸ್ತುವಿಲ್ಲ. ಮಂಚದ ಕಾಲಿನ ಬಳಿ ಸೊಳ್ಳೆಬತ್ತಿ. ಬಾಗಿಲ ಮೂಲೆಯಲ್ಲಿ ಮುಚ್ಚಳ ಸಡಿಲವಾದ ಫಿನಾಯಿಲ್. ಜಗಲಿಯ ಮೇಲೆ ಅಜ್ಜಿಯ ಎಲೆಅಡಿಕೆ ಚೀಲ: ಒಳಗೆ ಬಾಯಿ ಸುಡುವ ಸುಣ್ಣದ ಡಬ್ಬಿ, ನಿಕೋಟಿನ್ ತುಂಬಿದ ಹೊಗೆಸೊಪ್ಪು. ಅಂಗಳಕ್ಕೆ ಇಳಿದರೆ ಪೂಜೆಗೆ ಬೆಳೆಸಿದ ಕಣಗಿಲೆ. ಅದರ ಎಲೆಯಿಂದ ಬೇರಿನ ತನಕ ಇರುವುದೆಲ್ಲ ಹೃದಯದ ಬಡಿತ ಕೆಡಿಸುವ ವಿಷ. ಗಿಡದ ಬುಡಕ್ಕೆ ಹಾಕಿದ ಹರಳು ಹಿಂಡಿಯ ವಾಸನೆಗೆ ನಾಯಿಗಳು ಮರುಳಾಗಿ ನೆಲ ಕೆದರಿ ತಿನ್ನುತ್ತವೆ. ಅದರಲ್ಲಿ ರೈಸಿನ್ ಉಳಿದಿರುತ್ತದೆ. ಕಟ್ಟುಮಸ್ತಾದ ನಾಯಿ ಇದರಲ್ಲಿ ಕೆಲವನ್ನು ವಾಂತಿ ಮಾಡಿ ಬದುಕಿಕೊಂಡೀತು, ಅಂಗೈ ಮೇಲೆ ಕೂರುವ ಮರಿಗೆ ಅಷ್ಟು ಸಾವಕಾಶ ಸಿಗುವುದಿಲ್ಲ.

ಇನ್ನು ಬೆಳೆಗೆ ಹೊಡೆಯುವ ಔಷಧಿ. ಈ ಜಿಲ್ಲೆಗೆ ಅದರ ಬಗ್ಗೆ ಪಾಠ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ಸೀಮೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಕಳೇಬರ ತಿಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ಆ ಎರಡೂ ಪ್ರಕರಣಗಳ ಹಿಂದೆ ಮನುಷ್ಯರ ಕೈಯಿತ್ತು, ನಾಯಿಮರಿಯ ಸಾವು ಹೆಚ್ಚಿನಂಶ ಅಜಾಗರೂಕತೆಯದು, ನಿಜ. ಆದರೆ ಹುಲಿಯನ್ನೇ ಕೆಡವಬಲ್ಲ ವಸ್ತು ಹಟ್ಟಿಯ ಅಟ್ಟದ ಮೇಲೆ, ಸ್ಪ್ರೇಯರ್ ಜೊತೆಗೆ, ಕೆಲವು ಸಲ ಹಳೆಯ ನೀರಿನ ಬಾಟಲಿಯಲ್ಲಿ ಕುಳಿತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಲಿ ಪಾಷಾಣದಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಬೂದುಗಪ್ಪು ಪುಡಿ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಅನಿಲವಾಗುತ್ತದೆ. ನಾಯಿ ವಾಂತಿ ಮಾಡಿದರೆ ಆ ಗಾಳಿ ಹತ್ತಿರ ಕುಳಿತವರಿಗೂ ಅಪಾಯ. ಬ್ರೊಮಾಡಿಯೊಲೋನ್ ಬಿಲ್ಲೆಯ ಮೋಸ ಬೇರೆ ಥರದ್ದು. ತಿಂದ ದಿನ ಮರಿ ಚೆನ್ನಾಗಿಯೇ ಆಡುತ್ತಿರುತ್ತದೆ. ಮೂರ್ನಾಲ್ಕು ದಿನ ಕಳೆದ ಮೇಲೆ ಮೂಗಿನಲ್ಲಿ, ಒಸಡಿನಲ್ಲಿ, ಎದೆಗೂಡಿನೊಳಗೆ ರಕ್ತ ಸುರಿಯತೊಡಗುತ್ತದೆ. ಮೊದಲ ದಿನವೇ ವೈದ್ಯರಿಗೆ ತಿಳಿಸಿದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಆದ್ದರಿಂದ ಬಿಲ್ಲೆ ಕಾಣೆಯಾಗಿದೆ ಎಂದು ಗೊತ್ತಾದ ಗಳಿಗೆಯೇ ಚಿಕಿತ್ಸೆಯ ಗಳಿಗೆ, ರೋಗ ಕಾಣುವ ತನಕ ಕಾಯುವುದಲ್ಲ.

ಇಷ್ಟೆಲ್ಲ ಎಚ್ಚರ ಹಳ್ಳಿಮನೆಯಲ್ಲಿ ಸಾಧ್ಯವೇ ಎಂದು ಕೇಳುವವರಿದ್ದಾರೆ. ಬೇರೆ ಊರಿನವರು ಕೇಳಿದರೆ ಒಪ್ಪಬಹುದಿತ್ತು. ಮಾಂಬಳ್ಳಿ, ಕೊಳ್ಳೇಗಾಲ, ಯಳಂದೂರು ಎಂದರೆ ರೇಷ್ಮೆಯ ಸೀಮೆ. ಪೂರ್ತಿ ಬೆಳೆದಾಗಲೂ ಐದು ಗ್ರಾಂ ದಾಟದ ಹುಳುವಿಗಾಗಿ ಇಲ್ಲಿನವರು ಏನೆಲ್ಲ ಮಾಡುತ್ತಾರೆ! ಹುಳು ಮನೆಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಕೈಕಾಲು ತೊಳೆಯದೆ ತಟ್ಟೆ ಮುಟ್ಟುವಂತಿಲ್ಲ. ಬೀಡಿ ಸೇದಿದವನನ್ನು ಬಾಗಿಲಲ್ಲೇ ತಡೆಯುತ್ತಾರೆ, ಹೊಗೆಸೊಪ್ಪಿನ ಕೈ ತಾಗಿದರೆ ಹುಳು ಸಾಯುತ್ತದೆಂದು ಗೊತ್ತು. ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪನ್ನು ಇಷ್ಟು ದಿನ ಮುಟ್ಟಬಾರದೆಂದು ಲೆಕ್ಕ ಇಡುತ್ತಾರೆ. ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಬಳಸಿ ಮನೆ ಶುದ್ಧಿ ಮಾಡಿದರೆ ಗಾಳಿಯಾಡಿಸಿದ ಮೇಲೆಯೇ ಒಳಗೆ ಹೋಗುತ್ತಾರೆ. ಹುಳು ಸತ್ತರೆ ಗೂಡಿನ ದುಡ್ಡು ಹೋಗುತ್ತದೆ, ಅದಕ್ಕೇ ಈ ಶಿಸ್ತು. ಮರಿಗೆ ಆರೇಳು ಸಾವಿರ ಕೊಟ್ಟು ತಂದವರು ಅದರ ಕಾಲು ಪಾಲು ಶಿಸ್ತು ತೋರಿಸಿದರೂ ಸಾಕು. ಅಂದಹಾಗೆ ಆ ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಡಬ್ಬಿಗಳಿಗೂ ಬೀಗವಿರಲಿ.

ಚಿಕ್ಕ ತಳಿಗೆ ವಿಷವೊಂದೇ ಶತ್ರುವಲ್ಲ. ಮೂರ್ನಾಲ್ಕು ತಿಂಗಳ ಒಳಗಿನ ಮರಿಯ ದೇಹದಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಡಿಮೆ. ಬೆಳಗ್ಗೆ ಬಟ್ಟಲು ಹಾಲಿಟ್ಟು ತೋಟಕ್ಕೆ ಹೋದವರು ಸಂಜೆ ಬರುವಷ್ಟರಲ್ಲಿ ಅದು ತೂರಾಡುತ್ತಾ, ಕಣ್ಣು ಮೇಲೆ ಮಾಡಿ ಬಿದ್ದಿರಬಹುದು. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಬೇಕು. ಸುಸ್ತಾಗಿ ಬಿದ್ದರೆ ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರಿ ಆಸ್ಪತ್ರೆಗೆ ಓಡಬೇಕು. ಮಂಚದಿಂದ, ಮಕ್ಕಳ ತೋಳಿನಿಂದ ಹಾರಿದ ಪಮೇರಿಯನ್ ಮರಿಯ ಮುಂಗಾಲು ಕಡ್ಡಿಯಂತೆ ಮುರಿಯುತ್ತದೆ. ಮೊಂಡು ಮೂಗಿನ ಪಗ್ ಉಸಿರಾಡಿಯೇ ಮೈ ತಣಿಸಿಕೊಳ್ಳಬೇಕು, ಆ ಉಸಿರೇ ಅದಕ್ಕೆ ಕಷ್ಟ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಕಟ್ಟಿಹಾಕಿದರೆ ಉಳಿಯುವುದು ಕಷ್ಟ.

ಅವಘಡವಾದಾಗ ಮಾಡುವ ಮದ್ದೂ ಹಲವು ಸಲ ಕೊಲ್ಲುತ್ತದೆ. ಉಪ್ಪುನೀರು ಕುಡಿಸಿದರೆ ಪುಟ್ಟ ಮರಿಯ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟಾಗುತ್ತದೆ. ಸೀಮೆಎಣ್ಣೆ, ಆಸಿಡ್, ಫಿನಾಯಿಲ್ ಕುಡಿದ ಮರಿಗೆ ವಾಂತಿ ಮಾಡಿಸಿದರೆ ಶ್ವಾಸಕೋಶ, ಗಂಟಲು ಎರಡೂ ಸುಡುತ್ತವೆ. ತಿಂದದ್ದರ ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಎಷ್ಟು ಹೊತ್ತಾಯಿತು, ಎಷ್ಟು ತಿಂದಿತು ಎಂದು ನೆನಪಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋಗುವುದೇ ಸರಿಯಾದ ದಾರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಅಲ್ಲಿಯ ಗಾಡಿಗಳು ಮುಖ್ಯವಾಗಿ ದನಕರುಗಳಿಗೆಂದೇ ಬಂದವು, ಆದರೂ ಕರೆ ಮಾಡಿ ಸಲಹೆ ಕೇಳಲು ಹಿಂಜರಿಯಬೇಕಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ವಿಟಮಿನ್ ಕೆ1 ದಾಸ್ತಾನಿರುವಂತೆ ಇಲಾಖೆ ನೋಡಿಕೊಳ್ಳಬೇಕು. ಕೀಟನಾಶಕದ ಅಂಗಡಿಯವರು ಇಲಿ ಪಾಷಾಣ ಮಾರುವಾಗ ಮನೆಯಲ್ಲಿ ನಾಯಿ ಇದೆಯೇ ಎಂದು ಒಂದು ಮಾತು ಕೇಳಿದರೆ ಅವರ ಗಂಟೇನೂ ಹೋಗುವುದಿಲ್ಲ.

ಮಾರುವವರ ಹೊಣೆಯೂ ಇದೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಬೆಳೆಸುವವರು ನೋಂದಣಿ ಮಾಡಿಸಿರಬೇಕು. ಸಂತೆಗೋ ಬಸ್‌ ಸ್ಟ್ಯಾಂಡಿಗೋ ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣುಬಿಟ್ಟು ಎರಡು ವಾರವಾಗದ ಮರಿಗಳನ್ನು ತಂದವರಿಂದ ಕೊಳ್ಳುವವರು ಇರುವ ತನಕ ಆ ನಿಯಮ ಕಾಗದದಲ್ಲೇ ಇರುತ್ತದೆ. ಮರಿ ಕೊಳ್ಳುವವರು ವಯಸ್ಸು ಕೇಳಲಿ, ಲಸಿಕೆಯ ಚೀಟಿ ಕೇಳಲಿ, ಎರಡೂ ಇಲ್ಲದಿದ್ದರೆ ಬರಿಗೈಲಿ ಬರಲಿ. ಮನೆಮಂದಿಯೆಲ್ಲ ಬೆಳಗ್ಗೆ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವವರಾದರೆ ಪಗ್, ಶಿಟ್ಜುಗಳ ಆಸೆ ಬಿಡುವುದು ಒಳ್ಳೆಯದು. ಅಂಥ ಮನೆಗೆ ಊರಿನ ನಾಟಿ ಮರಿಯೇ ಸರಿ, ಅದಕ್ಕೂ ಇಲಿ ಪಾಷಾಣ ಎಟುಕದ ಹಾಗೆ ಮಡಗಿ.